ಹೊಸ್ತಿಲ ತುಕ್ಕು

ಅಕ್ಕ ಐಲಿ ಗ್ಯಾರೇಜಿನ ಒಳಗಿನ ಕೋಣೆಗೆ ಹೋಗಿ ಕೂರುವ ಲಕ್ಷಣ ಕಾಣಲಿಲ್ಲ. ಅಲ್ಲಿ ಹೀಟರ್ ಇದೆ, ಕಾಫಿ ಇದೆ, ಕಾಲು ಚಾಚುವುದಕ್ಕೆ ಹಳೆಯ ಸೋಫಾ ಇದೆ ಎಂದು ಓಸ್ಮೊ ಮೂರು ಸಲ ಹೇಳಿಯಾಗಿತ್ತು. ಮೂರನೆಯ ಸಲ ಹೇಳುವಾಗ ತನ್ನ ದನಿಯಲ್ಲಿ ಅಂಗಲಾಚುವಂಥದ್ದೇನೋ ಸೇರಿಕೊಂಡದ್ದು ಅವನಿಗೇ ಕೇಳಿಸಿತು. ನಾಲ್ಕನೆಯ ಸಲ ಬಾಯಿ ಬಿಡಲಿಲ್ಲ. ಐಲಿ ಟೈರುಗಳ ರಾಶಿಯ ಪಕ್ಕದಲ್ಲಿದ್ದ ಮರದ ಕುರ್ಚಿಯನ್ನು ತಾನೇ ಎಳೆದು ತಂದು, ಕಾರಿನ ಎಡಬದಿಗೆ ಎದುರಾಗಿ ಹಾಕಿಕೊಂಡು ಕೂತಿದ್ದಳು. ಕುರ್ಚಿಯ ಕಾಲು ಸಿಮೆಂಟಿನ ನೆಲದ ಮೇಲೆ ಕಿರ್ರೆನ್ನುತ್ತ ಬಂದಿತ್ತು, ಮಧ್ಯೆ ಎರಡು ಸಲ ನಿಂತಿತ್ತು. ಅವಳು ಉಸಿರು ತೆಗೆದುಕೊಳ್ಳುವುದಕ್ಕೆ ನಿಂತದ್ದು ಎಂದು ಗೊತ್ತಿದ್ದೂ ಅವನು ಎದ್ದು ಹೋಗಿ ಎತ್ತಿಕೊಡಲಿಲ್ಲ. ಕಾರಿನ ಕೆಳಗೆ ತಲೆ ತೂರಿಸಿ, ಅಲ್ಲಿ ಏನೋ ಬಹಳ ಮುಖ್ಯವಾದದ್ದನ್ನು ನೋಡುತ್ತಿರುವವನ ಹಾಗೆ ಬಿದ್ದುಕೊಂಡಿದ್ದ. ಈಗ ಅವಳು ತೊಡೆಯ ಮೇಲೆ ಕಂಬಳಿ ಹೊದ್ದು, ಬೋಳಾದ ತಲೆಗೆ ಉಣ್ಣೆಯ ಟೋಪಿಯನ್ನು ಕಿವಿಯವರೆಗೆ ಎಳೆದುಕೊಂಡು, ಸಿನಿಮಾ ಶುರುವಾಗುವುದನ್ನು ಕಾಯುವವಳಂತೆ ಕೂತಿದ್ದಳು. ಅವಳ ಎದುರಿಗೆ ಅವನು ಆ ಹೊಸ್ತಿಲನ್ನು ಬಿಚ್ಚಬೇಕಿತ್ತು.

ಬಾಗಿಲುಗಳ ಕೆಳಗೆ, ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಉದ್ದಕ್ಕೆ ಹೋಗುವ ಟೊಳ್ಳು ತಗಡಿನ ಪೆಟ್ಟಿಗೆಗೆ ಈ ಕಸುಬಿನವರು ಹೊಸ್ತಿಲು ಎನ್ನುತ್ತಾರೆ. ಹಾಪಸಾರಿಯಂಥ ಕಡಲ ದಂಡೆಯ ಊರಿನಲ್ಲಿ, ಅಕ್ಟೋಬರಿನಿಂದ ಏಪ್ರಿಲ್‌ವರೆಗೆ ಹಿಮ ಕರಗಲೆಂದು ರಸ್ತೆಗೆ ಉಪ್ಪು ಸುರಿಯುವ ಕಡೆ, ಕಾರುಗಳು ಸಾಯುವುದು ಅಲ್ಲಿಂದಲೇ. ಐಲಿಯ ನೀಲಿ ಕಾರಿಗೆ ಇಪ್ಪತ್ತೆರಡು ವರ್ಷ. ಅದರಲ್ಲಿ ಕತ್ತರಿ, ಬಾಚಣಿಗೆ, ಬಿಳಿ ಬಟ್ಟೆಗಳ ಪೆಟ್ಟಿಗೆ ಹಾಕಿಕೊಂಡು ಅವಳು ಸುತ್ತಲಿನ ಹಳ್ಳಿಗಳಿಗೆ ಹೋಗಿ, ಮನೆಯಿಂದ ಹೊರಗೆ ಬರಲಾರದ ಮುದುಕ ಮುದುಕಿಯರಿಗೆ ಕೂದಲು ಕತ್ತರಿಸಿ ಬರುತ್ತಿದ್ದಳು. ಮಾರ್ಚಿಯಲ್ಲಿ ಡಾಕ್ಟರು ಇನ್ನು ಔಷಧಿ ಕೊಟ್ಟು ಪ್ರಯೋಜನವಿಲ್ಲ ಎಂದ ಮೇಲೆ ಅದನ್ನೂ ನಿಲ್ಲಿಸಿದ್ದಳು. ಇವತ್ತು ಬೆಳಗ್ಗೆ ಯಾರಿಗೂ ಹೇಳದೆ, ಎರಡನೆಯ ಗೇರಿನಲ್ಲಿ ತೆವಳಿಸಿಕೊಂಡು ಕಾರನ್ನು ಗ್ಯಾರೇಜಿಗೆ ತಂದು, ಬಾಗಿಲ ಮುಂದೆ ಹಾರ್ನ್ ಮಾಡಿದ್ದಳು. ಗುರುವಾರ ಕಾರಿಗೆ ವರ್ಷದ ತಪಾಸಣೆ, ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವುದು. ಈ ಕಾರನ್ನು ಅವಳು ಇನ್ನು ಓಡಿಸುವುದಿಲ್ಲ ಎನ್ನುವುದು ಅವಳಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು. ತಪಾಸಣೆ ಯಾಕೆ ಎಂದು ಕೇಳುವ ಧೈರ್ಯ ಮಾತ್ರ ಅವನಿಗೆ ಬರಲಿಲ್ಲ.

"ನೋಡು, ಇಲ್ಲಿ ಬೆರಳು ಹೋಗುತ್ತೆ," ಎಂದು ಇಳಿದ ಕೂಡಲೇ ತೋರಿಸಿದ್ದಳು. ಹೌದು, ಹೋಗುತ್ತಿತ್ತು. ಬಣ್ಣ ಗುಳ್ಳೆ ಎದ್ದು, ಗುಳ್ಳೆ ಒಡೆದು, ಕಂದು ಅಂಚಿನ ಒಂದು ತೂತು. ಅವಳ ತೆಳ್ಳಗಾದ ಬೆರಳು ಎರಡನೆಯ ಗೆಣ್ಣಿನವರೆಗೆ ಒಳಗೆ ಹೋದಾಗ ಅವನಿಗೆ ಬೆವರು ಬಂದಿತು. ಇನ್ನು ಒಂದಂಗುಲ ಮುಂದೆ ಹೋಗಿದ್ದರೆ ಬೆರಳು ಟೊಳ್ಳಿಗಲ್ಲ, ಗಟ್ಟಿಯಾದ ಇನ್ನೇನಕ್ಕೋ ತಗಲುತ್ತಿತ್ತು.

ಓಸ್ಮೊ ಚಿಕ್ಕ ಸುತ್ತಿಗೆ ತೆಗೆದುಕೊಂಡು ಮುಂದಿನಿಂದ ತಟ್ಟುತ್ತ ಬಂದ. ಒಳ್ಳೆಯ ತಗಡು ತಟ್ಟಿದರೆ ಉತ್ತರ ಕೊಡುತ್ತದೆ. ತುಕ್ಕು ತಿಂದದ್ದು ಒಣ ಎಲೆಯ ಹಾಗೆ ಸದ್ದು ಮಾಡಿ ಒಳಕ್ಕೆ ಕುಸಿಯುತ್ತದೆ. ಮೂರನೆಯದೊಂದು ಸದ್ದು ಇದೆ. ಗೋಡೆಯನ್ನು ತಟ್ಟಿದ ಹಾಗೆ, ಯಾವ ಉತ್ತರವೂ ಇಲ್ಲದ ಮೊಂಡು ಸದ್ದು. ಅದು ತಗಡಿನದಲ್ಲ, ಪುಟ್ಟಿಯದು. ತೂತಿಗೆ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಬಳಿದರೆ ಕಣ್ಣಿಗೆ ಏನೂ ಕಾಣುವುದಿಲ್ಲ, ಕಿವಿಗೆ ಮಾತ್ರ ಕಾಣುತ್ತದೆ. ಎರಡು ಬಾಗಿಲುಗಳ ನಡುವಿನ ಕಂಬದ ಹತ್ತಿರ ಬಂದಾಗ ಅವನು ಸುತ್ತಿಗೆಯನ್ನು ಎತ್ತಿ ಒಂದು ಗೇಣು ಆಚೆ ಇಟ್ಟು ತಟ್ಟುವುದನ್ನು ಮುಂದುವರಿಸಿದ. ಮೂವತ್ತು ವರ್ಷ ಕಸುಬು ಮಾಡಿದ ಕೈಗೆ ಅದು ಸಹಜವಾಗಿ ಬಂದಿತ್ತು. ಮೆಟ್ಟಿಲೊಂದು ಮುರಿದಿದ್ದರೆ ಕಾಲು ತಾನಾಗಿ ದಾಟಿಕೊಳ್ಳುವುದಿಲ್ಲವೇ, ಹಾಗೆ.

"ಅಲ್ಲಿ ಯಾಕೆ ಬಿಟ್ಟೆ?" ಎಂದಳು ಐಲಿ.

"ಎಲ್ಲಿ?"

"ಈಗ ಹಾರಿಸಿದೆಯಲ್ಲ, ಅಲ್ಲಿ."

"ಅಲ್ಲಿ ಸರಿಯಾಗಿದೆ ಅಕ್ಕ. ಆವತ್ತು ವೆಲ್ಡ್ ಮಾಡಿದ ಜಾಗ ಅದು."

"ಹಾಗಾದ್ರೆ ಇನ್ನೂ ಚೆನ್ನಾಗಿ ಸದ್ದು ಬರಬೇಕು. ತಟ್ಟು, ಕೇಳೋಣ."

ಅವನು ತಟ್ಟಿದ. ಮೊಂಡು ಸದ್ದು ಗ್ಯಾರೇಜಿನ ತುಂಬ ಕೇಳಿತು ಎಂದು ಅವನಿಗೆ ಅನ್ನಿಸಿತು. ಐಲಿ ಕಂಬಳಿಯ ಅಂಚಿನ ಒಂದು ದಾರವನ್ನು ಎಳೆಯುತ್ತಿದ್ದಳು. ಕೂದಲು ಕತ್ತರಿಸುವವಳಿಗೆ ತಗಡಿನ ಸದ್ದು ಏನು ತಿಳಿಯುತ್ತದೆ ಎಂದು ಸಮಾಧಾನ ಹೇಳಿಕೊಂಡ. ಹೊರಗಿನ ತೂತಿನ ಸುತ್ತ ಮಾತ್ರ ಕತ್ತರಿಸಿ, ಅಂಗೈಯಗಲದ ತೇಪೆ ಹಾಕಿ, ಕೆಳಗಿನಿಂದ ದಪ್ಪಗೆ ಟಾರು ಬಳಿದುಬಿಡಬಹುದು. ಪ್ರತಿ ವಸಂತದಲ್ಲೂ ಅದನ್ನೇ ಮಾಡಿದ್ದ. ಏಪ್ರಿಲ್ ಬಂದೊಡನೆ ತಾನೇ ಫೋನು ಮಾಡಿ, ಕಾರು ತಂದು ಬಿಡು, ತಪಾಸಣೆಗೆ ನಾನೇ ಒಯ್ಯುತ್ತೇನೆ, ಅವರ ಹತ್ತಿರ ಹೇಗೆ ಮಾತಾಡಬೇಕೆಂದು ನಿನಗೆ ಗೊತ್ತಾಗುವುದಿಲ್ಲ ಎಂದು ಹೇಳುತ್ತಿದ್ದ. ಅವಳು ಊರವರ ಮುಂದೆಲ್ಲ, ನನ್ನ ತಮ್ಮ ಎಷ್ಟು ಕಾಳಜಿಯವನು ಅಂತೀರಿ, ಎಂದು ಹೇಳಿಕೊಂಡು ಬಂದಿದ್ದಳು. ಒಂದು ಸಲ ಅಂಗಡಿಯಲ್ಲಿ ಆ ಮಾತು ಅವನ ಕಿವಿಗೇ ಬಿದ್ದು, ಹಾಲಿನ ಪ್ಯಾಕೆಟ್ಟನ್ನು ಅಲ್ಲೇ ಇಟ್ಟು ಹೊರಗೆ ಬಂದಿದ್ದ. ಆರು ವರ್ಷ, ಆರು ಸಲ, ಒಂದರ ಮೇಲೊಂದು ಟಾರಿನ ಪದರ. ಕೆಳಗೆ ಅದೇ ಸುಳ್ಳು, ಸ್ವಲ್ಪ ಸ್ವಲ್ಪವಾಗಿ ನೀರು ಕುಡಿಯುತ್ತ, ಸುತ್ತಲಿನ ಒಳ್ಳೆಯ ತಗಡನ್ನೂ ತಿನ್ನುತ್ತ.

"ಪೂರ್ತಿ ಬಿಚ್ಚು ಓಸ್ಮೊ," ಎಂದಳು ಐಲಿ. "ಅರ್ಧಂಬರ್ಧ ಬೇಡ. ನಾನು ಸಂಜೆವರೆಗೂ ಇಲ್ಲೇ ಇರ್ತೀನಿ. ನನಗೆ ಬೇರೆ ಕೆಲಸ ಇಲ್ಲ."

"ಕಿಡಿ ಹಾರುತ್ತೆ. ಹೊಗೆ ಬರುತ್ತೆ. ನಿನಗೆ ಒಳ್ಳೇದಲ್ಲ."

"ಹೌದು ಮಾರಾಯ, ಇನ್ನು ನಲವತ್ತು ವರ್ಷ ಆದ್ಮೇಲೆ ಕೆಮ್ಮು ಗಿಮ್ಮು ಬಂದ್ರೆ ಕಷ್ಟ."

ಅವನಿಗೆ ನಗು ಬರಲಿಲ್ಲ. ಕನ್ನಡಕ ಹಾಕಿಕೊಂಡು ಗ್ರೈಂಡರ್ ಚಾಲೂ ಮಾಡಿದ. ಆ ಅಬ್ಬರದೊಳಗೆ ಯಾರೂ ಯಾರ ಹತ್ತಿರವೂ ಮಾತಾಡುವಂತಿಲ್ಲ ಎನ್ನುವುದೇ ಯಾವಾಗಲೂ ಅವನಿಗೆ ಈ ಕಸುಬಿನ ದೊಡ್ಡ ಸುಖವಾಗಿತ್ತು. ನೀಲಿ ಬಣ್ಣ ಸುಟ್ಟ ವಾಸನೆ ಬಿಟ್ಟು ಎದ್ದುಹೋಯಿತು, ಅದರ ಕೆಳಗೆ ತಾನು ಬಳಿದಿದ್ದ ಬೂದು ಪ್ರೈಮರು, ಅದರ ಕೆಳಗೆ ತಿಳಿಹಳದಿ ಪುಟ್ಟಿ. ಪುಟ್ಟಿ ಧೂಳಾಗಿ ಹಾರಿ ಅವನ ತೋಳಿನ ಮೇಲೆ, ನೆಲದ ಮೇಲೆ, ಅಕ್ಕನ ಬೂಟಿನ ಮೇಲೆ ಕೂತಿತು. ತುಕ್ಕಿನ ಧೂಳು ಕೆಂಪಗಿರುತ್ತದೆ, ಕಬ್ಬಿಣದ್ದು ಕಪ್ಪಗೆ. ಈ ಹಳದಿ ಎಲ್ಲಿಂದ ಬಂತೆಂದು ಅವಳು ಈಗ ಕೇಳುತ್ತಾಳೆ ಎಂದು ಅವನು ಕಾದ. ಕೇಳಲಿಲ್ಲ. ಬಿರುಕಿನಲ್ಲಿ ಅಗಲ ಉಳಿ ಇಟ್ಟು ಹೊಡೆದಾಗ ಗೇಣುದ್ದದ ಪುಟ್ಟಿಯ ಚಪ್ಪಡಿ ಒಂದೇ ತುಂಡಾಗಿ ಕಳಚಿ ನೆಲಕ್ಕೆ ಬಿತ್ತು, ಅದರ ಬೆನ್ನಿಗೆ ಅಂಟಿಕೊಂಡು ಒದ್ದೆ ಕಾಗದದ ಉಂಡೆಯೊಂದು ಹೊರಗೆ ಬಂದಿತು. ಗ್ರೈಂಡರು ಆಗಲೇ ನಿಂತಿತ್ತು. ಗ್ಯಾರೇಜಿನಲ್ಲಿ ತಗಡಿನ ಮಾಡಿನಿಂದ ಕರಗುವ ಹಿಮ ತೊಟ್ಟಿಕ್ಕುವುದು ಬಿಟ್ಟರೆ ಬೇರೆ ಸದ್ದಿರಲಿಲ್ಲ.

"ಅದೇನು?"

"ಏನಿಲ್ಲ. ಕಸ."

"ಕೊಡಿಲ್ಲಿ."

ಅವನು ಕೊಟ್ಟ. ಬೇಡವೆನ್ನಬಹುದಿತ್ತು, ಕಾಲಿನಿಂದ ಕಾರಿನ ಕೆಳಕ್ಕೆ ತಳ್ಳಬಹುದಿತ್ತು. ಆದರೆ ಏಳು ವರ್ಷದ ಹುಡುಗನಾಗಿದ್ದಾಗ ಜೇಬಿನಲ್ಲಿ ಬಚ್ಚಿಟ್ಟುಕೊಂಡದ್ದನ್ನೆಲ್ಲ ಇದೇ ದನಿಗೆ ತೆಗೆದುಕೊಟ್ಟ ಕೈ ಈಗಲೂ ತಾನಾಗಿ ಮುಂದೆ ಹೋಯಿತು. ಐಲಿ ಆ ಉಂಡೆಯನ್ನು ತೊಡೆಯ ಮೇಲಿಟ್ಟುಕೊಂಡು, ಹರಿಯದ ಹಾಗೆ, ಮಗುವಿನ ಕೂದಲ ಸಿಕ್ಕು ಬಿಡಿಸುವಷ್ಟು ಹುಷಾರಾಗಿ ಬಿಡಿಸಿದಳು. ಹೊರಗಿನ ಸುತ್ತು ಕೊಳೆತಿತ್ತು, ಒಳಗಿನದು ಆಶ್ಚರ್ಯವಾಗುವಷ್ಟು ಒಣಗಿತ್ತು. ಊರ ಪೇಪರು.

"ಚಳಿಗಾಲದ ಟೈರು ಅರ್ಧ ಬೆಲೆಗೆ," ಎಂದು ಓದಿದಳು. "ಮೈನಸ್ ಹದಿನೆಂಟು, ಗಾಳಿ ಉತ್ತರದಿಂದ. ಸೋಮವಾರ, ಮಾರ್ಚಿ ಹದಿನಾರು."

ಓಸ್ಮೊ ಉಳಿಯನ್ನು ಒರೆಸುತ್ತಿದ್ದ. ಒರೆಸುವುದಕ್ಕೆ ಅದರಲ್ಲೇನೂ ಇರಲಿಲ್ಲ. ಆರು ವರ್ಷದ ಹಿಂದಿನ ಆ ವಾರ ಅಮ್ಮ ಆಸ್ಪತ್ರೆಯ ನಾಲ್ಕನೆಯ ಮಹಡಿಯಲ್ಲಿದ್ದಳು. ಭಾನುವಾರ ಅವನು ಹೋಗಿದ್ದ, ಒಂದೇ ಸಲ. ಅಮ್ಮ ಕೈ ಚಾಚಿದಳು, ಅವನು ಹಿಡಿದುಕೊಂಡ. ಬೆರಳಿನ ಅಡಿಯಲ್ಲಿ ಚರ್ಮ ಎಲುಬಿನಿಂದ ಬಿಟ್ಟುಕೊಂಡು ಆಚೀಚೆ ಸರಿಯಿತು. ದಿನವಿಡೀ ತಗಡು ಮುಟ್ಟಿ ಮುಟ್ಟಿ, ಬಣ್ಣದ ಕೆಳಗೆ ಎಲ್ಲಿ ಗಟ್ಟಿ ಇದೆ ಎಲ್ಲಿ ಇಲ್ಲ ಎಂದು ತಿಳಿಯುವ ಬೆರಳು ಅವನವು, ಅವು ತಿಳಿದುಕೊಂಡುಬಿಟ್ಟವು. ಸ್ವಲ್ಪ ಒತ್ತಿದರೆ ಒಳಕ್ಕೆ ಹೋಗುತ್ತದೆ ಎನ್ನಿಸಿತು. ಕಾರು ನಿಲ್ಲಿಸಿದ ಕಡೆ ಟೈಮು ಮುಗಿಯುತ್ತದೆ ಎಂದು ಹೇಳಿ ಐದು ನಿಮಿಷಕ್ಕೆ ಎದ್ದುಬಂದ. ಅಲ್ಲಿ ಕಾರು ನಿಲ್ಲಿಸುವುದಕ್ಕೆ ಟೈಮಿನ ಮಿತಿಯೇ ಇರಲಿಲ್ಲ. ಆ ಸಂಜೆಯೇ ಅಕ್ಕನಿಗೆ ಫೋನು ಮಾಡಿ, ನಿನ್ನ ಕಾರಿನ ಹೊಸ್ತಿಲು ಪೂರ್ತಿ ಹೋಗಿದೆ, ಇದರಲ್ಲಿ ಓಡಾಡುವುದು ಅಪಾಯ, ಮೂರು ದಿನ ಗ್ಯಾರೇಜಿನಲ್ಲಿ ಬಿಡು, ಹಗಲೂ ಸಂಜೆಯೂ ಕೂತು ವೆಲ್ಡ್ ಮಾಡಿ ಕೊಡುತ್ತೇನೆ, ಅದಕ್ಕೇ ನನಗೆ ಆಸ್ಪತ್ರೆಗೆ ಬರಲಾಗುವುದಿಲ್ಲ ಎಂದ. ಸೋಮವಾರ ಬೆಳಗ್ಗೆ ಒಂದೇ ಗಂಟೆಯಲ್ಲಿ, ಅವತ್ತಿನ ಪೇಪರನ್ನು ಮುದುಡಿ ತುರುಕಿ, ಮೇಲೆ ಪುಟ್ಟಿ ಮೆತ್ತಿ ಮುಗಿಸಿದ. ಮೂರು ದಿನ ಐಲಿ ಎರಡು ಬಸ್ಸು ಬದಲಾಯಿಸಿಕೊಂಡು ಆಸ್ಪತ್ರೆಗೆ ಹೋದಳು. ಬುಧವಾರ ಮಧ್ಯಾಹ್ನ ಅಮ್ಮ ತೀರಿಕೊಂಡಳು. ಮಣ್ಣು ಮಾಡಿದ ದಿನ ಕಾಫಿ ಕುಡಿಯುವಾಗ ಐಲಿ ಎಲ್ಲರೆದುರು, ಪಾಪ, ಇವನು ನನ್ನ ಕಾರಿನ ಕೆಳಗೆ ಮಲಗಿಕೊಂಡಿದ್ದ, ಬರೋದಕ್ಕೇ ಆಗಲಿಲ್ಲ, ಎಂದಿದ್ದಳು. ಅವನ ಬಾಯಲ್ಲಿ ಏಲಕ್ಕಿ ಬನ್ನು ಇತ್ತು. ನುಂಗಲಾರದೆ, ಉಗುಳಲಾರದೆ ನಿಂತಿದ್ದ.

"ಆಮೇಲೆ ಸರಿಯಾಗಿ ಮಾಡೋಣ ಅಂತ ಇದ್ದೆ," ಎಂದ ಈಗ. "ಬೇಸಿಗೇಲಿ."

"ಹೂಂ."

"ಪ್ರತಿ ವರ್ಷ ಅಂದ್ಕೊಳ್ತಿದ್ದೆ ಅಕ್ಕ."

"ಪೇಪರ್ ಇಟ್ಟಿದ್ದು ಗೊತ್ತಿರಲಿಲ್ಲ ನನಗೆ," ಎಂದಳು ಐಲಿ. ಕಾಗದವನ್ನು ಮಡಿಸಿ ಕಂಬಳಿಯ ಮೇಲಿಟ್ಟಳು. "ಆದ್ರೆ ನೀನು ಕಾರಿನ ಕೆಳಗೆ ಇರಲಿಲ್ಲ ಅಂತ ಗೊತ್ತಿತ್ತು. ನೀನು ಐಸ್ ಮೇಲೆ ಕೂತಿದ್ದೆ."

ಅವನು ತಲೆ ಎತ್ತಿದ.

"ಅಮ್ಮನ ಕಿಟಕಿಯಿಂದ ಕೊಲ್ಲಿ ಕಾಣುತ್ತಲ್ಲ. ಮೀನು ಹಿಡಿಯೋರು ಏಳೆಂಟು ಜನ ಕೂತಿದ್ರು, ಐಸಿಗೆ ತೂತು ಕೊರೆದುಕೊಂಡು. ಎಲ್ಲರಿಗಿಂತ ಹತ್ತಿರ ಒಬ್ಬ, ಆಸ್ಪತ್ರೆಗೆ ಬೆನ್ನು ಹಾಕಿಕೊಂಡು. ಲೋ, ನಿನ್ನ ಬೆನ್ನು ನನಗೆ ಗೊತ್ತಿಲ್ವಾ? ಶಾಲೆಗೆ ಹೋಗುವಾಗ ಕೈ ಹಿಡ್ಕೋ ಅಂದ್ರೆ ಮುಂದೆ ಮುಂದೆ ಓಡ್ತಿದ್ದೆ. ಎಷ್ಟು ವರ್ಷ ಆ ಬೆನ್ನನ್ನೇ ನೋಡ್ಕೊಂಡು ನಡೆದಿದ್ದೀನಿ."

ನಿಜ, ಅವನು ಅಲ್ಲಿ ಕೂತಿದ್ದ. ಕೊಲ್ಲಿಯಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಹತ್ತಿದ್ದವು. ಆಸ್ಪತ್ರೆಯ ಕೆಳಗಿನ ನೀರಿನಲ್ಲಿ ಮೀನು ಇರುವುದಿಲ್ಲ ಎಂದು ಊರಿಗೆಲ್ಲ ಗೊತ್ತು. ಆದರೂ ಮೂರು ದಿನ ಅಲ್ಲಿಗೇ ಹೋದ. ಒಳಗೆ ಹೋಗಲಾರ, ದೂರ ಹೋಗಲಾರ. ತಿರುಗಿ ಕಿಟಕಿಗಳನ್ನು ಎಣಿಸಬಾರದೆಂದು ಕಪ್ಪು ನೀರಿನ ಆ ದುಂಡು ತೂತನ್ನೇ ನೋಡುತ್ತ ಕೂತಿದ್ದ. ಅದರ ಮೇಲೆ ಮತ್ತೆ ಮತ್ತೆ ತೆಳ್ಳಗೆ ಐಸು ಕಟ್ಟುತ್ತಿತ್ತು, ಅವನು ಮತ್ತೆ ಮತ್ತೆ ಒಡೆಯುತ್ತಿದ್ದ.

"ಅಮ್ಮಂಗೆ ಹೇಳಿದ್ಯಾ?" ಎಂದು ಕೇಳಿದ.

"ಹೇಳಿದೆ. ಬೈತಾಳೆ ಅಂದ್ಕೊಂಡೆ. ಹಾಸಿಗೆ ತಲೆ ಕಡೆ ಎತ್ತು ಅಂದ್ಲು. ಎತ್ತಿದೆ. ಅವಳ ಕಣ್ಣಿಗೆ ಅಷ್ಟು ದೂರ ಎಲ್ಲಿ ಕಾಣಬೇಕು. ಆದ್ರೂ ನೋಡ್ತಾ ಕೂತ್ಲು. ಎರಡು ದಿನ ಅದೇ ಆಯ್ತು. ಕಣ್ಣು ಬಿಟ್ಟಾಗೆಲ್ಲ, ಇನ್ನೂ ಇದ್ದಾನಾ ಅಂತ ಕೇಳೋಳು. ಇದ್ದಾನೆ ಅಂತಿದ್ದೆ. ಏನಾದ್ರೂ ಸಿಕ್ತಾ ಅವನಿಗೆ ಅನ್ನೋಳು. ಇಲ್ಲಮ್ಮ ಅಂತಿದ್ದೆ. ಅವನಿಗೆ ಚಿಕ್ಕಂದಿನಿಂದಾನೂ ತಾಳ್ಮೆ ಇದೆ ಅನ್ನೋಳು."

ಓಸ್ಮೊ ಕಾರಿಗೆ ಒರಗಿ ನೆಲದ ಮೇಲೆ ಕೂತ.

"ಬುಧವಾರ ಎರಡು ಗಂಟೆಗೆ ಕೇಳಿದ್ಲು. ನಾನು ನೋಡಿದೆ, ನೀನು ಇರಲಿಲ್ಲ. ಸ್ಟೂಲೂ ಇರಲಿಲ್ಲ." ಐಲಿ ಟೋಪಿಯನ್ನು ಸರಿಮಾಡಿಕೊಂಡಳು. "ಇದ್ದಾನೆ ಅಂದೆ. ಆಮೇಲೆ ಅವಳು ಕೇಳಲಿಲ್ಲ."

ಬುಧವಾರ ಎರಡು ಗಂಟೆ. ಕಾಲಿನ ಬೆರಳುಗಳು ಮರಗಟ್ಟಿ ಅವನು ಎದ್ದಿದ್ದ. ಹೆದ್ದಾರಿಯ ಪೆಟ್ರೋಲ್ ಬಂಕಿನ ಹೋಟೆಲಿನಲ್ಲಿ ನಿಂತು ಸಾಸಿವೆ ಗೊಜ್ಜು ಸವರಿದ ಸಾಸೇಜು ತಿನ್ನುತ್ತಿದ್ದ. ಗೊಜ್ಜು ಗಡ್ಡಕ್ಕೆ ಮೆತ್ತಿಕೊಂಡದ್ದನ್ನು ಗಲ್ಲಾದಲ್ಲಿದ್ದ ಹುಡುಗಿ ತೋರಿಸಿ ನಕ್ಕಿದ್ದಳು, ಅವನೂ ನಕ್ಕಿದ್ದ. ಆ ನಗು ಇಷ್ಟು ವರ್ಷ ಅವನಿಗೆ ಒಮ್ಮೆಯೂ ನೆನಪಾಗಿರಲಿಲ್ಲ. ಈಗ ತನ್ನ ಮುಖದ ಮೇಲೆ ಅದು ಇನ್ನೂ ಇದೆಯೇನೋ ಎನ್ನಿಸಿ ಎರಡೂ ಕೈಯಿಂದ ಮುಖ ಒರೆಸಿಕೊಂಡ. ಕೈಯಲ್ಲಿದ್ದ ಮಸಿಯೆಲ್ಲ ಮುಖಕ್ಕೆ ಹತ್ತಿತು.

"ಯಾಕೆ ಇಷ್ಟು ದಿನ ಹೇಳಲಿಲ್ಲ?"

"ಹೇಳಿದ್ರೆ ನೀನು ನನ್ನ ಕಡೆಗೂ ಬರೋದು ಬಿಡ್ತಿದ್ದೆ. ವರ್ಷಕ್ಕೆ ಒಂದು ಸಲ ಕಾರಿನ ನೆಪದಲ್ಲಿ ಸಿಗ್ತಿದ್ದೆ, ಅಷ್ಟಾದ್ರೂ ಇರಲಿ ಅಂತ." ಬೂಟಿನ ಮೇಲಿನ ಹಳದಿ ಧೂಳನ್ನು ಕೊಡವಿ, "ಮಾರ್ಚಿಯಿಂದ ಮನೆಯಲ್ಲಿ ಮಲಗಿದ್ದೀನಿ. ಎಷ್ಟು ಸಲ ಬಂದೆ ನೀನು?" ಎಂದಳು.

ಅವನು ಒಂದು ಸಲವೂ ಬಂದಿರಲಿಲ್ಲ. ಒಂದು ದಿನ ಮೀನಿನ ಸಾರು ಮಾಡಿ ಡಬ್ಬಿಯಲ್ಲಿ ಹಾಕಿ, ಪಕ್ಕದ ಮನೆಯವಳ ಕೈಯಲ್ಲಿ ಕೊಟ್ಟು ಬಂದಿದ್ದ.

"ನೀನು ಬರಲ್ಲ ಅಂತ ಗೊತ್ತಾಯ್ತು. ಅದಕ್ಕೇ ಕಾರು ತಂದೆ. ತೂತು ಬಿದ್ದ ತಗಡಿನ ಪಕ್ಕ ಆದ್ರೆ ನೀನು ದಿನವಿಡೀ ಇರ್ತೀಯ. ನಾನೂ ಇಲ್ಲೇ ಕೂತಿರಬಹುದಲ್ಲ. ಈಗ ಮುಖ ಒರೆಸ್ಕೋ, ಕೆಲಸ ಮಾಡು."

ಅವನು ಮಾಡಿದ. ಬೇರೆ ಏನು ಮಾಡಬೇಕೋ ಅವನಿಗೆ ತಿಳಿದಿರಲಿಲ್ಲ. ತುಕ್ಕು ಹಿಡಿದದ್ದನ್ನೆಲ್ಲ ಕತ್ತರಿಸುತ್ತ ಹೋದ. ಬೆರಳು ಹೋಗುವಷ್ಟಿದ್ದ ತೂತು ಅಂಗೈಯಗಲವಾಯಿತು, ಅಂಗೈ ಮೊಳವಾಯಿತು. ಹೊಳೆಯುವ ತಗಡು ಸಿಗುವವರೆಗೆ ನಿಲ್ಲಿಸಬಾರದು. ಈ ಕೆಲಸದಲ್ಲಿ ಎಲ್ಲರಿಗೂ ಕೈ ನಡುಗುವುದು ಅಲ್ಲಿಯೇ. ಇನ್ನೊಂದಿಷ್ಟು ಕತ್ತರಿಸಿದರೆ ಉಳಿಯುವುದೇನು ಎಂಬ ಭಯಕ್ಕೆ ಅರ್ಧಕ್ಕೇ ನಿಲ್ಲಿಸಿ ತೇಪೆ ಹಾಕಿಬಿಡುತ್ತಾರೆ. ರಟ್ಟಿನಲ್ಲಿ ಅಳತೆ ತೆಗೆದು, ಹೊಸ ತಗಡು ಕತ್ತರಿಸಿ, ಅಂಚು ಬಾಗಿಸಿ ಕೂರಿಸಿದ. ನೋಡಬೇಡ, ವೆಲ್ಡಿಂಗ್ ಬೆಳಕು ಕಣ್ಣಿಗೆ ಹೊಡೆಯುತ್ತೆ ಎಂದ. ಐಲಿ ಮಾತು ಕೇಳುವ ಮಗುವಿನ ಹಾಗೆ ಕಂಬಳಿಯನ್ನು ಮುಖದ ಮೇಲೆ ಎಳೆದುಕೊಂಡಳು. ಒಂದೇ ಕಡೆ ಬೆಸೆಯುತ್ತ ಹೋದರೆ ತಗಡು ಬಿಸಿಗೆ ಸೊಟ್ಟಗಾಗುತ್ತದೆ. ಇಲ್ಲೊಂದು ಚುಕ್ಕೆ, ಅಲ್ಲೊಂದು ಚುಕ್ಕೆ, ಆಮೇಲೆ ಕಾಯುವುದು, ಆರಿದ ಮೇಲೆ ನಡುವೆ ಇನ್ನೊಂದು. ಕಾಯುವಾಗಲೆಲ್ಲ ಕಂಬಳಿಯ ಒಳಗಿನಿಂದ ಅವಳು ಮಾತಾಡುತ್ತಿದ್ದಳು. ಯಾವ ಹಳ್ಳಿಯ ಯಾವ ಮುದುಕ ಕೂದಲಿಲ್ಲದಿದ್ದರೂ ತಿಂಗಳಿಗೊಮ್ಮೆ ಬರಹೇಳುತ್ತಿದ್ದ, ಯಾವ ಮುದುಕಿ ಸತ್ತ ಗಂಡನ ಬಾಚಣಿಗೆಯಲ್ಲೇ ಬಾಚಬೇಕೆಂದು ಹಟ ಹಿಡಿಯುತ್ತಿದ್ದಳು. ಒಂದು ಚುಕ್ಕೆಗೂ ಇನ್ನೊಂದಕ್ಕೂ ನಡುವೆ ಮಾತು ನಿಂತಿತು. ಅವನು ಮುಖವಾಡ ಎತ್ತಿ ನೋಡಿದ. ಕಂಬಳಿ ಅಲ್ಲಾಡುತ್ತಿರಲಿಲ್ಲ. ಹತ್ತಿರ ಹೋದ. ಅಂಚು ಎತ್ತಿದ. ಬಾಯಿ ಸ್ವಲ್ಪ ತೆರೆದು ನಿದ್ದೆ ಮಾಡುತ್ತಿದ್ದಳು, ಹಳದಿ ಕೆನ್ನೆಯ ಮೇಲೆ ಪುಟ್ಟಿಯ ಧೂಳು ಇನ್ನಷ್ಟು ಹಳದಿಯಾಗಿ ಕೂತಿತ್ತು. ಒರೆಸಬೇಕೆನ್ನಿಸಿ ಕೈ ಎತ್ತಿದ. ಅಮ್ಮನ ಕೈ ನೆನಪಾಯಿತು. ಕೈಯನ್ನು ಹಾಗೇ ಇಳಿಸಿದ.

ಎದ್ದ ಮೇಲೆ ಅವಳು ಅವನ ಕತ್ತಿನ ಹಿಂದಿನ ಕೂದಲು ನೋಡಿ, ಇದೇನು ಅವತಾರ ಎಂದು, ಕಾರಿನಿಂದ ಪೆಟ್ಟಿಗೆ ತರಿಸಿದಳು. ಬೇಡ ಎಂದರೆ ಕೇಳಲಿಲ್ಲ. ಅವನನ್ನು ಟೈರಿನ ಮೇಲೆ ಕೂರಿಸಿ, ತಾನು ಕುರ್ಚಿಯಲ್ಲೇ ಕೂತು, ಬಿಳಿ ಬಟ್ಟೆ ಕಟ್ಟಿ ಕತ್ತರಿಸಿದಳು. ಕತ್ತರಿ ನಡುಗುತ್ತಿತ್ತು. ನಡುನಡುವೆ ಅವಳ ಕೈ ಅವನ ತಲೆಯ ಮೇಲೆ ಸುಮ್ಮನೆ ಇರುತ್ತಿತ್ತು, ಆಯಾಸಕ್ಕೋ ಬೇರೆ ಏನಕ್ಕೋ. ಅದರ ಭಾರ ಒಂದು ಕೈಚೀಲದಷ್ಟೂ ಇರಲಿಲ್ಲ. ಅವನು ಅಲ್ಲಾಡದೆ ಕೂತಿದ್ದ. ಒಂದು ಕಿವಿಯ ಮೇಲೆ ಕೂದಲು ಇನ್ನೊಂದಕ್ಕಿಂತ ಮೇಲಕ್ಕೆ ಹೋಯಿತು.

"ಸೊಟ್ಟ ಆಯ್ತು," ಎಂದಳು.

"ಆಗಲಿ."

"ಆಗಲಿ ಅಂತೆ. ಇನ್ನೊಂದು ವಾರ ನನ್ನ ಹೆಸರು ಹೇಳ್ಕೊಂಡು ತಿರುಗಬೇಡ."

ಮರುದಿನ, ಮಂಗಳವಾರ, ಬಣ್ಣ ಬಳಿದ. ಬುಧವಾರ ಮಧ್ಯಾಹ್ನ ಪಕ್ಕದ ಮನೆಯವಳು ಫೋನು ಮಾಡಿ, ಐಲಿ ಅಡಿಗೆಮನೆಯಲ್ಲಿ ಬಿದ್ದಿದ್ದಳು, ಆಂಬುಲೆನ್ಸಿನಲ್ಲಿ ಕರೆದುಕೊಂಡು ಹೋದರು, ಈ ಸಲ ವಾಪಸು ಕಳಿಸುವ ಹಾಗೆ ಕಾಣಲಿಲ್ಲ ಎಂದಳು. ಓಸ್ಮೊ ಫೋನು ಇಟ್ಟ. ಮತ್ತೆ ತುಕ್ಕು ಹಿಡಿಯದಂತೆ ಹೊಸ್ತಿಲಿನ ಒಳಗೆ ಮೇಣ ಸಿಂಪಡಿಸುವುದು ಬಾಕಿ ಇತ್ತು, ಅದನ್ನು ಮಾಡಿದ. ಚಕ್ರದ ನಟ್ಟುಗಳನ್ನು ಬಿಗಿ ಮಾಡಿದ. ಒಂದು ಸಲ ಬಿಗಿ ಮಾಡಿದವನ್ನು ಇನ್ನೊಂದು ಸಲ. ಗುರುವಾರ ಬೆಳಗ್ಗೆ ಒಂಬತ್ತಕ್ಕೆ ತಪಾಸಣೆ ಇದೆ, ಅದನ್ನು ತಪ್ಪಿಸುವ ಹಾಗಿಲ್ಲ, ಮುಗಿಸಿಕೊಂಡೇ ಅಕ್ಕನ ಹತ್ತಿರ ಹೋಗುವುದು ಎಂದು ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡ ಆ ದನಿ ಅವನಿಗೆ ಚೆನ್ನಾಗಿ ಪರಿಚಯವಿತ್ತು. ಆದರೂ ಒಂಬತ್ತು ಗಂಟೆಗೆ ತಪಾಸಣೆಯ ಶೆಡ್ಡಿನಲ್ಲೇ ನಿಂತಿದ್ದ.

ತಪಾಸಣೆ ಮಾಡುವವನು ಹೊಸಬ, ಮೂವತ್ತು ದಾಟಿರಲಿಲ್ಲ. ಅವನ ಕಣ್ಣು ಮೊದಲು ಓಸ್ಮೊನ ತಲೆಯ ಮೇಲೆ ಹೋಯಿತು, ಆಮೇಲೆ ಕಾರಿನ ಮೇಲೆ. ಕಾರನ್ನು ಮೇಲಕ್ಕೆ ಎತ್ತಿ ಎಡ ಹೊಸ್ತಿಲನ್ನು ತಟ್ಟಿದ. ಅದು ಗಂಟೆಯ ಹಾಗೆ ಉತ್ತರ ಕೊಟ್ಟಿತು.

"ಚೆನ್ನಾಗಿ ಮಾಡಿದ್ದೀರ," ಎಂದ. "ಈಗ ಹೀಗೆ ಯಾರು ಮಾಡ್ತಾರೆ."

ಓಸ್ಮೊ ಆ ಹೊಸ್ತಿಲನ್ನೇ ನೋಡುತ್ತ ನಿಂತ. ಅಷ್ಟರಲ್ಲಿ ಆ ಹುಡುಗ ಬಲಗಡೆಗೆ ಹೋಗಿ, ಹಿಂದಿನ ಚಕ್ರದ ಒಳಗೆ, ಸ್ಪ್ರಿಂಗು ಕೂರುವ ಜಾಗಕ್ಕೆ ಟಾರ್ಚು ಬಿಟ್ಟು, ಸ್ಕ್ರೂಡ್ರೈವರಿನಿಂದ ಒತ್ತಿದ. ಸ್ಕ್ರೂಡ್ರೈವರು ಹಿಡಿಯವರೆಗೆ ಒಳಗೆ ಹೋಯಿತು. ತುಕ್ಕಿನ ಚಕ್ಕೆಗಳು ಇಬ್ಬರ ನಡುವೆ ನೆಲಕ್ಕೆ ಉದುರಿದವು.

"ಇಲ್ಲಿ ನೋಡಿರಲಿಲ್ವಾ?"

"ಇಲ್ಲ," ಎಂದ ಓಸ್ಮೊ. ಎಡಗಡೆ ಬಿಟ್ಟು ಬೇರೆಲ್ಲೂ ನೋಡಬೇಕೆಂದು ಅವನಿಗೆ ಹೊಳೆದೇ ಇರಲಿಲ್ಲ.

"ಫೇಲ್ ಮಾಡಬೇಕಾಗುತ್ತೆ. ಒಂದು ತಿಂಗಳು ಟೈಮ್ ಇದೆ, ಸರಿ ಮಾಡಿ ತನ್ನಿ."

ಆ ಚೀಟಿಯನ್ನು ಜೇಬಿನಲ್ಲಿಟ್ಟುಕೊಂಡು ಅವನು ಆಸ್ಪತ್ರೆಯ ಮುಂದೆ ಕಾರು ನಿಲ್ಲಿಸಿದ. ಎಂಜಿನ್ನು ಆರಿಸಿ, ಸ್ಟಿಯರಿಂಗು ಹಿಡಿದುಕೊಂಡೇ ಕೂತ. ಸೀಟಿನಲ್ಲಿ ಅಕ್ಕನ ಸೋಪಿನ ವಾಸನೆ ಇತ್ತು. ಪಾಸಾಯಿತು ಎಂದು ಹೇಳಬೇಕು. ಅದರಲ್ಲೇನು ತಪ್ಪು? ಅವಳು ಬಂದು ಪರೀಕ್ಷೆ ಮಾಡುವುದಿಲ್ಲ, ಸಮಾಧಾನವಾಗಿ ಕಣ್ಣು ಮುಚ್ಚುತ್ತಾಳೆ, ಅವಳೂ ಅಮ್ಮನಿಗೆ ಹಾಗೇ ಹೇಳಿರಲಿಲ್ಲವೇ? ಇಲ್ಲ, ಅದೂ ಇದೂ ಒಂದೇ ಅಲ್ಲ, ಹೇಗೆ ಅಲ್ಲ ಎಂದು ಹೇಳಲು ಮಾತ್ರ ತನಗೆ ಬರುವುದಿಲ್ಲ. ಇಳಿದ. ಲಿಫ್ಟಿನಲ್ಲಿ ಜೊತೆಗಿದ್ದ ಹೆಂಗಸು ಅವನ ಮಸಿ ಹಿಡಿದ ಕೈಗಳನ್ನು ನೋಡಿ ತನ್ನ ಬಿಳಿ ಹೂಗಳನ್ನು ಆಚೆ ಬದಿಗೆ ಹಿಡಿದುಕೊಂಡಳು. ಮೇಲೆ ನರ್ಸೊಬ್ಬಳು ತಡೆದು, ನೀವು ಯಾರು ಎಂದಳು.

"ತಮ್ಮ," ಎಂದ. ಎಷ್ಟೋ ದಿನದಿಂದ ಆಡಿರದ ಮಾತಿನ ಹಾಗೆ ಅದು ತೊದಲಿತು.

ಐಲಿ ಎಚ್ಚರವಾಗಿದ್ದಳು. ಟೋಪಿ ಇರಲಿಲ್ಲ. ದಿಂಬಿನ ಮೇಲೆ ತಲೆ ಇಷ್ಟು ಚಿಕ್ಕದಾಗಿ ಕಾಣಬಹುದೆಂದು ಅವನು ಎಣಿಸಿರಲಿಲ್ಲ. ಅವನು ಬಾಗಿಲಲ್ಲೇ ನಿಂತ.

"ಪಾಸಾಯ್ತಾ?" ಎಂದಳು. ತುಟಿ ಮಾತ್ರ ಅಲ್ಲಾಡಿತು.

"ಇಲ್ಲ," ಎಂದ ಓಸ್ಮೊ. "ಎಡಗಡೆ ಚೆನ್ನಾಗಿದೆ ಅಂದ. ಬಲಗಡೆ, ಹಿಂದುಗಡೆ, ಇನ್ನೊಂದು ತೂತು ಇತ್ತು. ನಾನು ನೋಡಿರಲಿಲ್ಲ ಅಕ್ಕ. ಒಂದು ತಿಂಗಳು ಟೈಮ್ ಕೊಟ್ಟಿದ್ದಾರೆ."

"ಒಂದು ತಿಂಗಳಾ," ಎಂದಳು ಐಲಿ. "ಪರವಾಗಿಲ್ವಲ್ಲ. ನನಗೆ ಅಷ್ಟು ಕೊಟ್ಟಿಲ್ಲ ಇವರು."

ಅವಳ ಹೊಟ್ಟೆ ಸಣ್ಣಗೆ ಅಲುಗಿತು, ನಗುತ್ತಿದ್ದಳು. ನಗು ನೋವಾಗಿ ಮುಖ ಕಿವುಚಿತು. ಅವನು ಏನೂ ಯೋಚಿಸದೆ ನಾಲ್ಕು ಹೆಜ್ಜೆ ಮುಂದೆ ಬಂದು ಅವಳ ಕೈ ಹಿಡಿದ. ಚರ್ಮ ಎಲುಬಿನ ಮೇಲೆ ಸಡಿಲವಾಗಿ ಸರಿಯಿತು. ಬೆರಳುಗಳು ತಿಳಿಯಬೇಕಾದ್ದನ್ನು ತಿಳಿದುಕೊಂಡವು. ಅವನು ಕೈ ಬಿಡಲಿಲ್ಲ.

"ಎಷ್ಟು ದೊಡ್ಡ ತೂತು?" ಎಂದು ನೋವು ಇಳಿದ ಮೇಲೆ ಕೇಳಿದಳು.

ಅವನು ಹೇಳಿದ. ಎಲ್ಲಿದೆ, ಎಷ್ಟು ಕತ್ತರಿಸಬೇಕಾದೀತು, ಕತ್ತರಿಸುವ ಮುಂಚೆ ಸ್ಪ್ರಿಂಗನ್ನು ಹೇಗೆ ಬಿಚ್ಚಬೇಕು, ಎಷ್ಟು ದಪ್ಪದ ತಗಡು ಬೇಕು. ಅವಳು ಕಣ್ಣು ಮುಚ್ಚಿ, ಹೂಂ, ಆಮೇಲೆ, ಎನ್ನುತ್ತಿದ್ದಳು. ಹೂಂ ನಿಂತ ಮೇಲೂ ಅವನು ಹೇಳುತ್ತ ಹೋದ. ಜೀವಮಾನದಲ್ಲಿ ಒಂದೇ ಸಲಕ್ಕೆ ಅವನು ಇಷ್ಟು ಮಾತಾಡಿದ್ದಿಲ್ಲ.

ಶನಿವಾರ ಬೆಳಗ್ಗೆ ಏಳೂವರೆಗೆ, ತಿಂಡಿಯ ತಳ್ಳುಗಾಡಿಗಳು ವಾರ್ಡಿನಲ್ಲಿ ಓಡಾಡುವ ಹೊತ್ತಿಗೆ, ಐಲಿಯ ಉಸಿರು ನಿಂತಿತು. ಎರಡು ದಿನದಲ್ಲಿ ಅವನು ಎದ್ದದ್ದು ಬಚ್ಚಲಿಗೆ ಮಾತ್ರ. ಒಂದು ಉಸಿರು ಆಯಿತು, ಇನ್ನೊಂದಕ್ಕೆ ಅವನು ಕಾದ, ಅದು ಬರಲಿಲ್ಲ. ಹೆದರಿಕೆಯಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಬಹಳ ದುಃಖವಾಯಿತು, ಅಷ್ಟೇ. ನರ್ಸು ಬಂದು ನೋಡಿ, ಗಡಿಯಾರ ನೋಡಿ ಬರೆದುಕೊಂಡು, ಮೆಲ್ಲಗೆ ಅವನ ಹೆಗಲು ಮುಟ್ಟಿದಳು. ನೀವಿನ್ನು ಮನೆಗೆ ಹೋಗಿ ಸ್ವಲ್ಪ ಮಲಗಿ, ಮಿಕ್ಕಿದ್ದು ನಾವು ನೋಡಿಕೊಳ್ಳುತ್ತೇವೆ ಎಂದಳು.

"ಇನ್ನೂ ಸ್ವಲ್ಪ ಹೊತ್ತು ಇರ್ತೀನಿ," ಎಂದ ಓಸ್ಮೊ.